ತೂಕದ ಲೆಕ್ಕ ಮತ್ತು ಲಾವೋಸಿಯೆ

2 ಕಿಲೋಗ್ರಾಂ 345 ಗ್ರಾಂ ಸಕ್ಕರೆಯನ್ನು ಗ್ರಾಂಗೆ ಪರಿವರ್ತಿಸಿ ಎಂದರೆ ನೀವು ತಡವಿಲ್ಲದೆ 2345 ಎಂದು ಬರೆಯುತ್ತೀರಿ. ಕಿಲೋಗ್ರಾಂನಲ್ಲೇ ಹೇಳಿ ಎಂದರೆ 2.345. ಅಂಕಿಗಳು ಅವೇ, ದಶಮಾಂಶ ಬಿಂದು ಮಾತ್ರ ಸರಿಯಿತು. ಈ ಅನುಕೂಲಕ್ಕಾಗಿ ದುಡಿದವರಲ್ಲಿ ಒಬ್ಬರು ಫ್ರಾನ್ಸಿನ ಆಂತ್ವಾನ್ ಲಾವೋಸಿಯೆ. ಆಕ್ಸಿಜನ್‌ಗೆ ಹೆಸರಿಟ್ಟವರು ಎಂದು ಅವರನ್ನು ನೀವು ಬಲ್ಲಿರಿ. ಅವರ ತಕ್ಕಡಿಯ ಕಥೆ ಪಾಠದಲ್ಲಿ ಬರುವುದು ಕಡಿಮೆ.

1743ರ ಆಗಸ್ಟ್ 26ರಂದು ಪ್ಯಾರಿಸ್‌ನ ಸ್ಥಿತಿವಂತ ಮನೆತನದಲ್ಲಿ ಹುಟ್ಟಿದ ಲಾವೋಸಿಯೆ ಓದಿದ್ದು ಕಾನೂನು, ಮನಸ್ಸು ಹರಿದದ್ದು ವಿಜ್ಞಾನದ ಕಡೆಗೆ. 1768ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯರಾದರು. ಅದೇ ವರ್ಷ, ರಾಜನ ಪರವಾಗಿ ಉಪ್ಪು ಮತ್ತು ಹೊಗೆಸೊಪ್ಪಿನ ತೆರಿಗೆ ವಸೂಲಿ ಮಾಡುವ ಗುತ್ತಿಗೆ ಸಂಸ್ಥೆಯಲ್ಲಿ ಪಾಲು ಕೊಂಡರು. ಬಡವರು ಆ ಸಂಸ್ಥೆಯನ್ನು ದ್ವೇಷಿಸುತ್ತಿದ್ದರು, ಅದಕ್ಕೆ ಕಾರಣವೂ ಇತ್ತು. ದೊಡ್ಡವರ ಚರಿತ್ರೆ ಬರೆಯುವಾಗ ಇಂಥದ್ದನ್ನು ಮುಚ್ಚಿಡುವುದು ಸರಿಯಲ್ಲ ಎಂದು ನನ್ನ ಭಾವನೆ. 1771ರಲ್ಲಿ ಅವರನ್ನು ಮದುವೆಯಾದ ಮರಿ ಆನ್‌ಗೆ ಆಗ 13 ವರ್ಷ. ಮುಂದೆ ಆಕೆ ಇಂಗ್ಲಿಷ್ ಕಲಿತು ಪತಿಗಾಗಿ ಅನುವಾದ ಮಾಡಿದರು, ಅವರ ಪುಸ್ತಕಕ್ಕೆ ಉಪಕರಣಗಳ ಚಿತ್ರ ಬರೆದರು.

ಪ್ರಯೋಗಕ್ಕೆ ಮೊದಲು ತೂಗು, ಮುಗಿದ ಮೇಲೆ ಮತ್ತೆ ತೂಗು. ಇದು ಲಾವೋಸಿಯೆಯವರ ಪದ್ಧತಿ. ಆದರೆ ಆಗಿನ ಪ್ಯಾರಿಸ್ ತೂಕಗಳನ್ನು ನೋಡಿ: 72 ಗ್ರೇನಿಗೆ 1 ಗ್ರೋ, 8 ಗ್ರೋಗೆ 1 ಔನ್ಸ್, 16 ಔನ್ಸಿಗೆ 1 ಪೌಂಡ್. ನಮ್ಮ ಹಿರಿಯರ 5 ತೊಲಕ್ಕೆ ಚಟಾಕು, 16 ಚಟಾಕಿಗೆ ಸೇರು, 40 ಸೇರಿಗೆ ಮಣ ಇದ್ದಂತೆಯೇ. 2 ಪೌಂಡ್ 5 ಔನ್ಸ್ 3 ಗ್ರೋ 40 ಗ್ರೇನ್ ಎಷ್ಟು ಗ್ರೇನ್ ಎಂದು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ. 21568 ಬರಬೇಕು. ಎಷ್ಟು ಗುಣಾಕಾರ ಬೇಕಾಯಿತು! ಈ ತೊಡಕಿನಿಂದ ಬೇಸತ್ತೇ ಅವರು 1789ರ ತಮ್ಮ ರಸಾಯನಶಾಸ್ತ್ರ ಗ್ರಂಥದಲ್ಲಿ ಪೌಂಡನ್ನು ದಶಮಾಂಶಗಳಲ್ಲಿ ಬರೆಯಿರಿ ಎಂದು ರಸಾಯನಜ್ಞರಿಗೆ ಸಲಹೆ ಕೊಟ್ಟರು, ಪರಿವರ್ತನೆಯ ಕೋಷ್ಟಕಗಳನ್ನೂ ಸೇರಿಸಿದರು. ಮೇಲಿನ ತೂಕ ಆಗ 2.3403 ಪೌಂಡ್ ಆಗುತ್ತದೆ.

1790ರ ಮೇ 8ರಂದು ಫ್ರಾನ್ಸಿನ ರಾಷ್ಟ್ರೀಯ ಸಭೆ ಅಳತೆ ತೂಕಗಳ ಸುಧಾರಣೆಗೆ ಒಪ್ಪಿತು. ಆ ಕೆಲಸದ ಆಯೋಗಕ್ಕೆ ಲಾವೋಸಿಯೆ ಖಜಾಂಚಿಯಾದರು. ಹೊಸ ತೂಕಕ್ಕೆ ಆಧಾರ ನೀರು. 10 ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಘನದಷ್ಟು ನೀರಿನ ತೂಕವನ್ನು ಲಾವೋಸಿಯೆ ಮತ್ತು ಪಾದ್ರಿ ಅಯೂಯಿ 1793ರ ಆರಂಭದಲ್ಲಿ 18841 ಗ್ರೇನ್ ಎಂದು ಕಂಡರು. ಮುಂದೆ ಕಿಲೋಗ್ರಾಂ ಆದದ್ದು ಇದೇ. ಆಗ ಅದರ ಹೆಸರು ಗ್ರಾವ್.

ಆದರೆ ಕ್ರಾಂತಿಯ ಗಾಳಿ ತಿರುಗಿತ್ತು. 1793ರ ಆಗಸ್ಟ್‌ನಲ್ಲಿ ಅಕಾಡೆಮಿಯನ್ನೇ ಮುಚ್ಚಲಾಯಿತು. ನವೆಂಬರ್‌ನಲ್ಲಿ ಹಳೆಯ ತೆರಿಗೆ ಗುತ್ತಿಗೆದಾರರನ್ನೆಲ್ಲ ಸೆರೆಗೆ ಹಾಕಿದಾಗ ಅವರೂ ಒಳಗಾದರು. ತೂಕದ ಕೆಲಸಕ್ಕೆ ಇವರು ಬೇಕು ಎಂದು ಬೋರ್ದಾ ಮತ್ತು ಅಯೂಯಿ ಮನವಿ ಮಾಡಿದರು. ಬಿಡುಗಡೆಯಾಗಲಿಲ್ಲ, ಬದಲಿಗೆ ಲಾವೋಸಿಯೆ, ಬೋರ್ದಾ ಸೇರಿ ಹಲವರನ್ನು ಆಯೋಗದಿಂದಲೇ ತೆಗೆದರು. 1794ರ ಮೇ 8ರಂದು, ಸಭೆ ಒಪ್ಪಿಗೆ ಕೊಟ್ಟು ಸರಿಯಾಗಿ ನಾಲ್ಕು ವರ್ಷಕ್ಕೆ, ಅವರ ಶಿರಚ್ಛೇದವಾಯಿತು. ಅದೇ ದಿನ ಮಾವನವರದ್ದೂ ಆಯಿತು. ಮರಿ ಆನ್ ಒಂದೇ ದಿನ ಗಂಡನನ್ನೂ ತಂದೆಯನ್ನೂ ಕಳೆದುಕೊಂಡರು.

ಗ್ರಾಂ ಎಂಬ ಹೆಸರನ್ನು ಕಾಯಿದೆ ಕೊಟ್ಟದ್ದು 1795ರ ಏಪ್ರಿಲ್ 7ರಂದು. ಭಾರತದ ಅಂಗಡಿಗಳಿಗೆ ಮೆಟ್ರಿಕ್ ತೂಕ ಬರತೊಡಗಿದ್ದು 1958ರ ಅಕ್ಟೋಬರ್‌ನಿಂದ. 1799ರಲ್ಲಿ ಪ್ಲಾಟಿನಂ ಕಿಲೋಗ್ರಾಂ ಸಿದ್ಧವಾಗುವ ಮುನ್ನ ಮೀಟರನ್ನೂ ತಿದ್ದಿ ನೀರನ್ನು ಮತ್ತೆ ತೂಗಿದರು. ಆಗ ಬಂದದ್ದು 18827.15 ಗ್ರೇನ್. ಲಾವೋಸಿಯೆಯವರ ಲೆಕ್ಕಕ್ಕೂ ಇದಕ್ಕೂ ಇರುವ ಅಂತರ ಒಂದು ಕಿಲೋಗ್ರಾಂನಲ್ಲಿ ಮುಕ್ಕಾಲು ಗ್ರಾಂಗಿಂತ ಕಡಿಮೆ.