ಜಾನ್ ಡ್ಯೂಯಿ

ವಿದ್ವಾಂಸರು ಅನೇಕರಿದ್ದಾರೆ, ಮಕ್ಕಳ ಶಾಲೆಯನ್ನೇ ತಮ್ಮ ವಿದ್ವತ್ತಿಗೆ ಒರೆಗಲ್ಲಾಗಿ ಮಾಡಿಕೊಂಡವರು ವಿರಳ. ಅಂಥವರಲ್ಲಿ ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ ಅಗ್ರಗಣ್ಯರು.

ಡ್ಯೂಯಿಯವರು 1859ರಲ್ಲಿ ವರ್ಮಾಂಟ್ ಸಂಸ್ಥಾನದ ಬರ್ಲಿಂಗ್ಟನ್ ಪಟ್ಟಣದಲ್ಲಿ ಕಿರಾಣಿ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದರು. 1879ರಲ್ಲಿ ಪದವೀಧರರಾಗಿ, ಕೆಲಕಾಲ ಹೈಸ್ಕೂಲು ಉಪಾಧ್ಯಾಯರಾಗಿದ್ದರು. 1884ರಲ್ಲಿ ಡಾಕ್ಟರೇಟ್ ಪಡೆದು ಮಿಷಿಗನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಆ ವಿಶ್ವವಿದ್ಯಾನಿಲಯವು ಹೈಸ್ಕೂಲುಗಳ ಪಾಠವನ್ನು ನೋಡಿಬರಲು ತನ್ನ ಪ್ರಾಧ್ಯಾಪಕರನ್ನೇ ಕಳುಹಿಸುತ್ತಿತ್ತು. ಡ್ಯೂಯಿಯವರ ಶಿಕ್ಷಣಚಿಂತನೆ ಬೆಳೆದದ್ದು ಈ ಸಂಪರ್ಕದಲ್ಲಿ.

1894ರಲ್ಲಿ ಅವರು ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ಬಂದರು. ರಸಾಯನಶಾಸ್ತ್ರಕ್ಕೆ ಪ್ರಯೋಗಾಲಯವಿರುವಂತೆ ಶಿಕ್ಷಣಶಾಸ್ತ್ರಕ್ಕೆ ಒಂದು ಶಾಲೆ ಬೇಕೆಂಬುದು ಅವರ ಮತ. 1896ರ ಜನವರಿಯಲ್ಲಿ 16 ಮಕ್ಕಳು, 2 ಉಪಾಧ್ಯಾಯರೊಡನೆ ಅಂಥ ಶಾಲೆ ಪ್ರಾರಂಭವಾಯಿತು. ಅಡಿಗೆ, ಹೊಲಿಗೆ, ಮರಗೆಲಸಗಳ ಮೂಲಕವೇ ಮಕ್ಕಳು ಲೆಕ್ಕ, ವಿಜ್ಞಾನ, ಚರಿತ್ರೆಗಳನ್ನು ಕಲಿತರು. ಉಪಾಧ್ಯಾಯರು ವಾರವಾರವೂ ಸೇರಿ ತಮ್ಮ ಪಾಠಗಳನ್ನು ವಿಮರ್ಶಿಸಿಕೊಳ್ಳುತ್ತಿದ್ದರು.

ಆದರೆ ಇದು ಒಂದೇ ಶಾಲೆಯ ಕಥೆಯಾಗಿ ಮುಗಿಯಲಿಲ್ಲ. ಷಿಕಾಗೋ ನಗರಶಾಲೆಗಳಲ್ಲಿ ದಶಕಗಳ ಕಾಲ ದುಡಿದಿದ್ದ ಎಲಾ ಫ್ಲಾಗ್ ಯಂಗ್ ಎಂಬಾಕೆ ಡ್ಯೂಯಿಯವರಲ್ಲಿ ವಿದ್ಯಾರ್ಥಿನಿಯಾದರು. ಆಕೆಯ ಅನುಭವದಿಂದ ತಾವೂ ಕಲಿತದ್ದನ್ನು ಗುರುಗಳು ಮುಕ್ತವಾಗಿ ಒಪ್ಪಿಕೊಂಡರು. 1909ರಲ್ಲಿ ಆಕೆ ಆ ನಗರದ ಸಮಸ್ತ ಶಾಲೆಗಳ ಮುಖ್ಯಾಧಿಕಾರಿಯಾದರು. ಶಾಲೆಯ ಆಡಳಿತದಲ್ಲಿ ಉಪಾಧ್ಯಾಯರ ಮಾತಿಗೆ ಬೆಲೆಯಿರಬೇಕೆಂದು ಶ್ರಮಿಸಿದರು.

ಶಾಲೆಯ ಆಡಳಿತದ ವಿಷಯದಲ್ಲಿ ಅಧ್ಯಕ್ಷರೊಡನೆ ಭಿನ್ನಾಭಿಪ್ರಾಯ ಬಂದು, ಡ್ಯೂಯಿಯವರು 1904ರಲ್ಲಿ ಷಿಕಾಗೋವನ್ನು ಬಿಟ್ಟು ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ನಮ್ಮ ಡಾಕ್ಟರ್ ಅಂಬೇಡ್ಕರ್ ಅವರು 1913ರಿಂದ 1916ರವರೆಗೆ ಅಲ್ಲಿ ಓದುತ್ತಿದ್ದಾಗ ಡ್ಯೂಯಿಯವರ ಪಾಠಗಳನ್ನು ಕೇಳಿದರು. 1952ರಲ್ಲಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ, ಡ್ಯೂಯಿಯವರು ತೀರಿಕೊಂಡರು.

ನಮ್ಮ ಮನೆತನದಲ್ಲಿ ಬಿ.ಎ. ತರಗತಿಯವರೆಗೆ ಬಂದವರಲ್ಲಿ ನಾನೇ ಮೊದಲಿಗ. ನನಗೆ ಅಕ್ಷರ ಕಲಿಸಿದ ಹಳ್ಳಿಯ ಮೇಷ್ಟರಿಗೆ ಪಾಠದಲ್ಲಿ ಸಂದೇಹ ಬಂದರೆ ಕೇಳಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ಈ ಜೀವನಚರಿತ್ರೆ ನನಗೆ ದೂರದೇಶದ್ದೆನಿಸುವುದಿಲ್ಲ. ಕಾಲೇಜಿನ ಪುಸ್ತಕಭಂಡಾರವೂ ಪ್ರಯೋಗಾಲಯವೂ ರಜಾದಿನಗಳಲ್ಲಿ ಸುತ್ತಣ ಶಾಲೆಗಳ ಉಪಾಧ್ಯಾಯರಿಗೆ ತೆರೆದಿರಲಿ. ಅಧ್ಯಾಪಕರು ಅವರಿಗೆ ಉಪನ್ಯಾಸ ಕೊಡುವ ಮೊದಲು ಅವರ ತರಗತಿಯಲ್ಲಿ ಒಂದು ದಿನ ಕುಳಿತು ಬರಲಿ. ಹಳ್ಳಿಯ ಶಾಲೆ ಸೊರಗಿದರೆ, ಮುಂದೆ ಕಾಲೇಜಿಗೆ ಬರುವ ವಿದ್ಯಾರ್ಥಿಗಳಾದರೂ ಎಲ್ಲಿಂದ ಬಂದಾರು?