ಶರಣೆ ಅಕ್ಕಮಹಾದೇವಿ ಮತ್ತು ಕದಳಿಯ ಗುಹೆ



ಬೆಟ್ಟ ಹತ್ತಿ ಬಂದವರಿಗೆ ಬೆಟ್ಟದಲ್ಲೇ ಬೆಳಕು ಕಂಡವರ ಕಥೆ ಹೇಳಬೇಕು ಎಂಬ ಆಸೆಯಿಂದ ಈ ನಾಲ್ಕು ಪುಟ ಬರೆದಿದೆ. ಕನ್ನಡ ನಾಡಿನ ಹೆಣ್ಣುಮಕ್ಕಳಲ್ಲಿ ಅಕ್ಕ ಎಂದರೆ ಸಾಕು, ಹೆಸರು ಹೇಳುವ ಅಗತ್ಯವಿಲ್ಲ. ಆದರೆ ಆ ತಾಯಿ ಕೊನೆಯ ದಿನಗಳನ್ನು ಕಳೆದಳೆಂದು ಹೇಳುವ ಗುಹೆ ಎಲ್ಲಿದೆ, ಹೇಗಿದೆ ಅಂತ ಕೇಳಿದರೆ ನಮ್ಮ ಮಲೆನಾಡಿನ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಶ್ರೀಶೈಲಕ್ಕೆ ಹೋಗಿ ಮಲ್ಲಯ್ಯನ ದರ್ಶನ ಮಾಡಿದವರೂ ಗುಹೆ ನೋಡದೆ ವಾಪಸ್ ಬಂದುಬಿಡುತ್ತಾರೆ.

ಜನನ ಮತ್ತು ಬಾಲ್ಯ

ಅಕ್ಕಮಹಾದೇವಿ ಹನ್ನೆರಡನೇ ಶತಮಾನದವಳು. ಹುಟ್ಟಿದ್ದು ಉಡುತಡಿಯಲ್ಲಿ. ಇದು ಈಗಿನ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿಗೆ ಸೇರಿದೆ. ತಂದೆ ನಿರ್ಮಲಶೆಟ್ಟಿ, ತಾಯಿ ಸುಮತಿ ಎಂದು ಹೇಳುವುದು ವಾಡಿಕೆ. ಹರಿಹರ ಕವಿ ತನ್ನ ರಗಳೆಯಲ್ಲಿ ಅವರನ್ನು ಶಿವಭಕ್ತ, ಶಿವಭಕ್ತೆ ಎಂದೇ ಕರೆದಿದ್ದಾನೆ. ಚಿಕ್ಕಂದಿನಲ್ಲೇ ಲಿಂಗದೀಕ್ಷೆ ಆಯಿತು. ಮಿಕ್ಕ ಮಕ್ಕಳು ಗೊಂಬೆ ಆಡುವ ಕಾಲಕ್ಕೆ ಈಕೆ ಪೂಜೆಯಲ್ಲಿ ಮುಳುಗಿರುತ್ತಿದ್ದಳು. ಶ್ರೀಶೈಲದ ಚನ್ನಮಲ್ಲಿಕಾರ್ಜುನನೇ ತನ್ನ ಗಂಡ ಎಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದಳು. ಶ್ರೀಶೈಲವನ್ನು ಕಣ್ಣಿನಿಂದ ನೋಡುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ಬೆಟ್ಟ ಅವಳ ಒಳಗೆ ಇತ್ತು ಅನ್ನಬಹುದು.

ಕೌಶಿಕನ ಅರಮನೆ

ಒಂದು ದಿನ ಊರಿನ ಅರಸ ಕೌಶಿಕ ಮೆರವಣಿಗೆಯಲ್ಲಿ ಬರುವಾಗ ಬಾಗಿಲ ಹತ್ತಿರ ನಿಂತಿದ್ದ ಮಹಾದೇವಿಯನ್ನು ಕಂಡು ಮೋಹಗೊಂಡ. ಹೆಣ್ಣು ಕೊಡಿ ಅಂತ ಹೇಳಿಕಳಿಸಿದ. ಅವನು ಭವಿ, ಇವರು ಭಕ್ತರು. ಒಪ್ಪದಿದ್ದರೆ ತಂದೆತಾಯಿಗೆ ಕೇಡು ಎಂದು ಬೆದರಿಕೆ ಬಂತು. ಹೆತ್ತವರನ್ನು ಉಳಿಸುವ ಸಲುವಾಗಿ ಆಕೆ ಕರಾರು ಹಾಕಿ ಒಪ್ಪಿದಳು. ತನ್ನ ಲಿಂಗಪೂಜೆಗೆ, ಗುರುಸೇವೆಗೆ, ಶರಣರ ಸಂಗಕ್ಕೆ ಅಡ್ಡಿ ಮಾಡಬಾರದು, ಮೂರು ತಪ್ಪಿನ ತನಕ ಸಹಿಸುವುದು, ಆಮೇಲೆ ಇಲ್ಲ ಎಂಬುದು ಆ ಕರಾರು. ಅರಸ ಮಾತು ತಪ್ಪಿದ. ಕರಾರು ಮುರಿದ ಮೇಲೆ ಆಕೆ ಒಡವೆ ವಸ್ತ್ರ ಎಲ್ಲವನ್ನೂ ಅಲ್ಲೇ ಬಿಟ್ಟು, ತಲೆಗೂದಲನ್ನೇ ಮೈಗೆ ಮರೆಮಾಡಿಕೊಂಡು ಅರಮನೆಯಿಂದ ಹೊರಟಳು.

ಮದುವೆ ಆಯಿತು ಅನ್ನುವುದು ಹರಿಹರನ ರಗಳೆ. ಆಗಲೇ ಇಲ್ಲ ಅನ್ನುವುದು ಚಾಮರಸ ಕವಿಯ ಪ್ರಭುಲಿಂಗಲೀಲೆ. ಎರಡರಲ್ಲೂ ಹೊರಟು ಬಂದದ್ದಂತೂ ಒಂದೇ. ಎಂಟುನೂರು ವರ್ಷದ ಹಿಂದೆ ಅರಸನ ಮನೆ ಬೇಡ ಅಂತ ಒಬ್ಬಳೇ ಹೆಂಗಸು ದಾರಿ ಹಿಡಿಯುವುದು ಅಂದರೆ ಸಾಮಾನ್ಯವಲ್ಲ.

ಕಲ್ಯಾಣದಲ್ಲಿ ಅಕ್ಕ

ಅಲ್ಲಿಂದ ಆಕೆ ಕಲ್ಯಾಣಕ್ಕೆ ಬಂದಳು. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಅದು. ಬಸವಣ್ಣನವರ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಶೂನ್ಯಸಿಂಹಾಸನದ ಮೇಲಿದ್ದರು. ಹರೆಯದ ಹೆಣ್ಣು ಹೀಗೆ ಬಂದಿದ್ದಾಳೆಂದು ಸುಮ್ಮನೆ ಒಳಗೆ ಕೂರಿಸಲಿಲ್ಲ. ಕಿನ್ನರಿ ಬೊಮ್ಮಯ್ಯನವರು ಪರೀಕ್ಷೆ ಮಾಡಿದರು. ಅಲ್ಲಮರು ಕಠಿಣವಾದ ಪ್ರಶ್ನೆಗಳನ್ನೇ ಹಾಕಿದರು. ಗಂಡ ಯಾರು, ಬಟ್ಟೆ ಬಿಟ್ಟವಳಿಗೆ ಕೂದಲ ಮರೆ ಯಾಕೆ ಅಂತೆಲ್ಲ ಕೇಳಿದರು. ಆಕೆ ಅಳುಕದೆ ಒಂದೊಂದಕ್ಕೂ ಉತ್ತರ ಕೊಟ್ಟಳು. ಈ ಸಂವಾದ ಶೂನ್ಯಸಂಪಾದನೆಯಲ್ಲಿ ವಿವರವಾಗಿ ಬಂದಿದೆ. ವಯಸ್ಸಿನಲ್ಲಿ ಕಿರಿಯಳಾದ ಆಕೆಯನ್ನು ಹಿರಿಯ ಶರಣರೆಲ್ಲ ಅಕ್ಕ ಎಂದು ಕರೆದದ್ದು ಇದರ ಮೇಲೆ.

ಆಕೆಯ ಹೆಸರಿನಲ್ಲಿ 400ಕ್ಕೂ ಹೆಚ್ಚು ವಚನಗಳು ಸಿಕ್ಕಿವೆ. ಯೋಗಾಂಗ ತ್ರಿವಿಧಿ ಎಂಬುದೂ ಆಕೆಯ ರಚನೆ. ವಿಜಯಪುರದಲ್ಲಿ 2003ರಲ್ಲಿ ಶುರುವಾದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರನ್ನೇ ಇಟ್ಟಿದ್ದಾರೆ.

ಶ್ರೀಶೈಲದ ಕದಳಿ

ಕಲ್ಯಾಣದಲ್ಲಿ ಮಾನ ಸಿಕ್ಕಿದ ಮೇಲೂ ಆಕೆ ಅಲ್ಲಿ ನಿಲ್ಲಲಿಲ್ಲ. ಶರಣರ ಅಪ್ಪಣೆ ಪಡೆದು ಶ್ರೀಶೈಲದ ದಾರಿ ಹಿಡಿದಳು. ನಲ್ಲಮಲ ಬೆಟ್ಟ ಅಂದರೆ ಆಗಲೂ ಈಗಲೂ ಹುಲಿ ಚಿರತೆ ಇರುವ ಕಾಡು. ಮರ, ಗಿಣಿ, ಕೋಗಿಲೆ, ನವಿಲುಗಳನ್ನೆಲ್ಲ ಮಾತಾಡಿಸುತ್ತಾ, ತನ್ನ ಒಡೆಯನನ್ನು ಕಂಡಿರಾ ಅಂತ ವಿಚಾರಿಸುತ್ತಾ ಹೋದಳಂತೆ. ಕೊನೆಗೆ ಕದಳಿ ಎಂಬಲ್ಲಿ ಗುಹೆ ಸೇರಿ, ತಪಸ್ಸು ಮಾಡಿ, ಚಿಕ್ಕ ವಯಸ್ಸಿನಲ್ಲೇ ಚನ್ನಮಲ್ಲಿಕಾರ್ಜುನನಲ್ಲಿ ಐಕ್ಯಳಾದಳು ಎಂದು ನಂಬಿಕೆ. ಅಲ್ಲಮಪ್ರಭುಗಳೂ ಕದಳಿಯಲ್ಲೇ ಬಯಲಾದರೆಂದು ಹೇಳುತ್ತಾರೆ. ಶರಣರಿಗೆ ಕದಳಿ ಅಂದರೆ ಬರೀ ಬಾಳೆಯ ವನ ಅಲ್ಲ, ಈ ದೇಹ ಮತ್ತು ಸಂಸಾರ ಕೂಡ ಕದಳಿಯೇ. ಅದನ್ನು ಹೊಕ್ಕು ಗೆದ್ದವರು ಅಕ್ಕ.

ಗುಹೆ ಹೇಗಿದೆ

ಅಕ್ಕನ ಗುಹೆ ಎಂದು ತೋರಿಸುವ ಜಾಗ ಕೃಷ್ಣಾ ನದಿಯ ದಂಡೆಯಲ್ಲಿದೆ. ದೇವಸ್ಥಾನದಿಂದ ನೂರಾರು ಮೆಟ್ಟಿಲು ಇಳಿದು ಪಾತಾಳಗಂಗೆಗೆ ಹೋಗಬೇಕು, ಅಲ್ಲಿಂದ ದೋಣಿ ಪ್ರಯಾಣ. ಎರಡೂ ಕಡೆ ಎತ್ತರದ ಕಲ್ಲಿನ ಗೋಡೆ, ನಡುವೆ ನೀರು. ದೋಣಿ ಇಳಿದು ಸ್ವಲ್ಪ ಹತ್ತಿದರೆ ತಲೆ ಮೇಲೆ ದೊಡ್ಡ ಕಲ್ಲಿನ ಚಪ್ಪರ ಕಾಣುತ್ತದೆ. ಅದನ್ನು ಯಾರೂ ಕಟ್ಟಿದ್ದಲ್ಲ, ತಾನಾಗಿ ಆದದ್ದು. ಒಳಗೆ ಕಿರಿದಾದ ಕತ್ತಲೆ ದಾರಿ. ಒಬ್ಬರ ಹಿಂದೆ ಒಬ್ಬರು ಬಗ್ಗಿಕೊಂಡು, ಕೆಲವು ಕಡೆ ತೆವಳಿಕೊಂಡು ಹೋಗಬೇಕು. ಕೊನೆಗೆ ಶಿವಲಿಂಗದ ದರ್ಶನ. ಎಂಥಾ ದೊಡ್ಡ ಮನುಷ್ಯನಾದರೂ ಅಲ್ಲಿ ತಲೆ ತಗ್ಗಿಸಲೇಬೇಕು. ಕದಳಿವನ ಎಂದು ಕರೆಯುವ ಇನ್ನೊಂದು ಜಾಗ ಕಾಡಿನ ಮತ್ತೂ ಒಳಗಿದೆ, ಅಲ್ಲಿಗೆ ಏರುದಾರಿಯಲ್ಲಿ ನಡೆದೇ ಹೋಗಬೇಕು. ಮಹಾರಾಷ್ಟ್ರದ ದತ್ತ ಭಕ್ತರೂ ಅಲ್ಲಿಗೆ ಬರುತ್ತಾರೆ.

ಗುಹೆಯನ್ನು ಕಾದವರು

ಈ ಕಾಡಿನ ಮೂಲ ಜನ ಚೆಂಚು ಆದಿವಾಸಿಗಳು. ಜೇನು, ಗೆಡ್ಡೆಗೆಣಸು, ಕಾಡಿನ ಉತ್ಪನ್ನ ನಂಬಿ ಬಾಳಿದವರು. ಮಲ್ಲಿಕಾರ್ಜುನ ತಮ್ಮ ಕುಲದ ಹೆಣ್ಣನ್ನು ಮದುವೆಯಾದ, ಆದ್ದರಿಂದ ಅವನು ತಮ್ಮ ಮನೆ ಅಳಿಯ ಎಂಬುದು ಅವರ ನಂಬಿಕೆ. ಚೆಂಚು ಮಲ್ಲಯ್ಯ ಎಂದೇ ಕರೆಯುತ್ತಾರೆ. ಕಾಡಿನ ದಾರಿ, ನೀರಿನ ಜಾಗ, ಗವಿಗಳ ಗುರುತು ಇವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಶ್ರೀಶೈಲ ಅಣೆಕಟ್ಟಿನ ಕೆಲಸ 1960ರಲ್ಲಿ ಶುರುವಾಗಿ 1980ರ ದಶಕದಲ್ಲಿ ನೀರು ನಿಂತಿತು. ನೂರಕ್ಕೂ ಹೆಚ್ಚು ಹಳ್ಳಿಗಳು ಮುಳುಗಿದವು. ಕೂಡವೆಲ್ಲಿ ಸಂಗಮೇಶ್ವರ ದೇವಸ್ಥಾನವನ್ನು ಕಲ್ಲು ಕಲ್ಲು ಬಿಚ್ಚಿ ಆಲಂಪುರಕ್ಕೆ ಸಾಗಿಸಿ ಮತ್ತೆ ಕಟ್ಟಿದರು. ದೇವಸ್ಥಾನವನ್ನು ಹಾಗೆ ಸಾಗಿಸಬಹುದು, ಗುಹೆಯನ್ನು ಸಾಗಿಸೋದಕ್ಕೆ ಆಗೋದಿಲ್ಲ. ಪುಣ್ಯಕ್ಕೆ ಅಕ್ಕನ ಗುಹೆ ನೀರಿನ ಮಟ್ಟಕ್ಕಿಂತ ಮೇಲೆ ಉಳಿಯಿತು. 1983ರಲ್ಲಿ ಸುತ್ತಲ ಕಾಡು ಹುಲಿ ಯೋಜನೆಗೆ ಸೇರಿತು. ರಾಜ್ಯ ಎರಡಾದ ಮೇಲೆ ತೆಲಂಗಾಣದ ಭಾಗಕ್ಕೆ ಅಮ್ರಾಬಾದ್ ಹುಲಿ ಸಂರಕ್ಷಿತ ಪ್ರದೇಶ ಎಂಬ ಹೆಸರಾಯಿತು. ಕಾಡು ಉಳಿದಿದ್ದರಿಂದಲೇ ಗುಹೆಯೂ ಉಳಿದಿದೆ.

ಆದರೆ ಉಳಿದದ್ದು ಇನ್ನು ಮುಂದೆ ಉಳಿಯಬೇಕಾದರೆ ಅದು ನಮ್ಮ ನಿಮ್ಮ ಕೈಯಲ್ಲಿದೆ. ಗುಹೆಯೊಳಗೆ ಕಟ್ಟುಗಟ್ಟಲೆ ಊದುಬತ್ತಿ, ಕರ್ಪೂರ ಹಚ್ಚಿದರೆ ಹೊಗೆ ಹೊರಗೆ ಹೋಗಲು ದಾರಿ ಇಲ್ಲ. ಕಲ್ಲು ಕಪ್ಪಾಗುತ್ತದೆ, ಹಿಂದೆ ಬರುವ ಮುದುಕರಿಗೆ ಉಸಿರು ಕಟ್ಟುತ್ತದೆ. ಗವಿಯ ಬಾವಲಿಗಳು ಓಡಿಹೋಗುತ್ತವೆ. ಬಾವಲಿ ಅಪಶಕುನ ಅಲ್ಲ, ರಾತ್ರಿ ಹುಳುಹುಪ್ಪಟೆ ತಿಂದು ರೈತನಿಗೆ ಉಪಕಾರ ಮಾಡುವ ಜೀವಿ. ಗೋಡೆ ಮೇಲೆ ಹೆಸರು ಕೆತ್ತುವುದಂತೂ ಮಹಾ ತಪ್ಪು. ಮೈಮೇಲಿನ ಬಟ್ಟೆಯನ್ನೂ ನನ್ನದು ಅನ್ನದೆ ಬಂದವಳ ಗುಹೆಯಲ್ಲಿ ನಮ್ಮ ಹೆಸರು ಕೆತ್ತಿ ಬಂದರೆ ಯಾತ್ರೆ ಮಾಡಿ ಏನು ಫಲ?

ಭಕ್ತಾದಿಗಳಲ್ಲಿ ವಿನಂತಿ

ಯುಗಾದಿ ಸಮಯದಲ್ಲಿ ಉತ್ತರ ಕರ್ನಾಟಕದ ಸಾವಿರಾರು ಭಕ್ತರು ಕಾಲ್ನಡಿಗೆಯಲ್ಲೇ ಶ್ರೀಶೈಲ ಮುಟ್ಟುತ್ತಾರೆ. ನಮ್ಮ ಕಡೆಯಿಂದ ಹೋಗುವವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಹೋಗಿ. ಮಳೆ, ನೀರಿನ ಮಟ್ಟ ನೋಡಿಕೊಂಡು ದೋಣಿ ಬಿಡುತ್ತಾರೆ, ಆದ್ದರಿಂದ ದೋಣಿ ಇದೆಯೋ, ಅರಣ್ಯ ಇಲಾಖೆಯ ಅನುಮತಿ ಬೇಕೋ ಎಂದು ಮೊದಲೇ ವಿಚಾರಿಸಿಕೊಳ್ಳಿ. ಟಾರ್ಚ್ ಜೊತೆಗಿರಲಿ. ತೆಗೆದುಕೊಂಡು ಹೋದ ಪ್ಲಾಸ್ಟಿಕ್ ಕವರು, ಬಾಟಲಿ ವಾಪಸ್ ತನ್ನಿ. ಗುಂಡಿಗೆ ತೊಂದರೆ, ಉಬ್ಬಸ ಇರುವವರು ಗುಹೆಯ ಬಾಗಿಲಲ್ಲೇ ಕೈಮುಗಿದರೂ ಅಕ್ಕ ಬೇಡ ಅನ್ನುವುದಿಲ್ಲ.

ಯಸಳೂರು, ಬಿಸಿಲೆ ಸುತ್ತಿನ ನಮ್ಮ ಬೆಟ್ಟಗಳಲ್ಲಿ ಕಾಡು ಇದೆ, ಬಂಡೆ ಇದೆ, ಹೆಸರೇ ಇಲ್ಲದ ಗವಿಗಳೂ ಇರುತ್ತವೆ. ಅಲ್ಲಿ ಯಾವ ಕಾಲದಲ್ಲಿ ಯಾರು ಕೂತು ಧ್ಯಾನ ಮಾಡಿದ್ದರೋ ನಾವು ಬಲ್ಲವರಲ್ಲ. ಅಕ್ಕನ ಗುಹೆಗೆ ಕೊಡುವ ಮರ್ಯಾದೆಯನ್ನೇ ಅವಕ್ಕೂ ಕೊಡೋಣ. ನೋಡೋಣ, ಕೈಮುಗಿಯೋಣ, ಇದ್ದ ಹಾಗೇ ಬಿಟ್ಟು ಬರೋಣ.