ಕಾರು ಕಾರ್ಖಾನೆಗಾಗಿ ಹೋರಾಡಿದ ಸರ್ ಎಂ.ವಿ.

ದಢೇಸುಗೂರು: ಸಿಂಧನೂರಿನಿಂದ ಸಿರುಗುಪ್ಪಕ್ಕೆ ಹೋಗುವವರು ಇಲ್ಲಿ ತುಂಗಭದ್ರೆಯನ್ನು ದಾಟಬೇಕು. ಭತ್ತದ ಸುಗ್ಗಿ ಬಂತೆಂದರೆ ರಸ್ತೆಯುದ್ದಕ್ಕೂ ಲಾರಿ, ಟ್ರ್ಯಾಕ್ಟರ್, ಟಂಟಂಗಳದ್ದೇ ಸಾಲು. ಇವುಗಳಲ್ಲಿ ಬಹುಪಾಲು ನಮ್ಮ ದೇಶದಲ್ಲಿಯೇ ತಯಾರಾದವು. ತೊಂಬತ್ತು ವರ್ಷಗಳ ಹಿಂದೆ ಸ್ಥಿತಿ ಹೀಗಿರಲಿಲ್ಲ. ಆಗ ನದಿಯ ಈಚೆ ದಡ ಹೈದರಾಬಾದ್ ನಿಜಾಮರದು, ಆಚೆ ದಡ ಮದ್ರಾಸ್ ಪ್ರಾಂತ್ಯದ್ದು. ರಾಜ್ಯ ಯಾರದೇ ಆಗಿರಲಿ, ರಸ್ತೆಯ ಮೇಲಿನ ಮೋಟಾರು ಮಾತ್ರ ವಿದೇಶದ್ದು. 1932ರ ಜೂನ್‌ನಲ್ಲಿ ನಿಜಾಮ್ ಸರ್ಕಾರ ತನ್ನ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆಯನ್ನು ಆರಂಭಿಸಿತು. 27 ಬಸ್ಸು, 166 ನೌಕರರು. ಭಾರತದಲ್ಲಿ ಸರ್ಕಾರವೇ ಬಸ್ಸು ಓಡಿಸಿದ ಮೊದಲ ಪ್ರಯೋಗಗಳಲ್ಲಿ ಇದೂ ಒಂದು. ಆ ಕಾಲದ ಒಂದು ಬಸ್ಸನ್ನು ಹೈದರಾಬಾದಿನಲ್ಲಿ ಜೋಪಾನವಾಗಿ ಉಳಿಸಿಕೊಳ್ಳಲಾಗಿದೆ. ಅದು ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯದು.

ಈ ಪರಾವಲಂಬನೆಯನ್ನು ಕಂಡು ಸುಮ್ಮನೆ ಕೂರದ ವ್ಯಕ್ತಿಯೊಬ್ಬರಿದ್ದರು. ಅವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಕನ್ನಡಿಗರಿಗೆ ಅವರೆಂದರೆ ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಬ್ಬಿಣ ಕಾರ್ಖಾನೆ, ಮೈಸೂರು ದಿವಾನಗಿರಿ. ಆದರೆ ಬದುಕಿನ ಸಂಜೆಯಲ್ಲಿ ಅವರು ಹೆಚ್ಚು ಹೆಣಗಿದ್ದು ನೀರಿಗಾಗಿ ಅಲ್ಲ, ಮೋಟಾರು ಕಾರಿಗಾಗಿ ಎಂಬುದು ಅನೇಕರಿಗೆ ತಿಳಿಯದು.

ಚಿಕ್ಕಬಳ್ಳಾಪುರ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಖಡಕವಾಸ್ಲಾ ಜಲಾಶಯಕ್ಕೆ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಅವರಿಗೆ ಹೆಸರು ತಂದವು. ನಮ್ಮ ಭಾಗಕ್ಕೂ ಅವರ ನಂಟುಂಟು. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಮುಳುಗಿಸಿದಾಗ ನಿಜಾಮ್ ಸರ್ಕಾರ ಮೊರೆಹೋದದ್ದು ಇವರಿಗೇ. ಅಲ್ಲಿಂದ 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಅರಮನೆಗೆ ಹೋದವರು ಮನೆಗೆ ಮರಳುವಾಗ ಸ್ವಂತ ಕಾರು ಹತ್ತಿದರೆಂಬ ಕಥೆ ಇಂದಿಗೂ ಜನಜನಿತ. ಕಾರಿನ ಮಟ್ಟಿಗೆ ಅವರ ಬಗ್ಗೆ ಜನ ಹೇಳುವುದು ಇಷ್ಟನ್ನೇ. ಇದಕ್ಕಿಂತ ದೊಡ್ಡ ಕಥೆ ಬೇರೆಯೇ ಇದೆ.

ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಹಕ್ಕುಪತ್ರ ಕೋರಿದ್ದು 1886ರಲ್ಲಿ. ಆಗ ವಿಶ್ವೇಶ್ವರಯ್ಯನವರು ನೌಕರಿಗೆ ಸೇರಿ ಎರಡೇ ವರ್ಷ. ಅಂದರೆ ಮೋಟಾರು ಕಾರಿನ ಇಡೀ ಚರಿತ್ರೆ ಅವರ ಕಣ್ಣೆದುರಿಗೇ ನಡೆಯಿತು. ಅಮೆರಿಕದ ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಜೋಡಣಾ ಸಾಲನ್ನು ತಂದ ಮೇಲೆ, ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಜೋಡಣೆಯ ಕೆಲಸ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಅದೇ ಫೋರ್ಡ್‌ನ ಮಾಡೆಲ್ ಟಿ ಕಾರು 1927ರ ಹೊತ್ತಿಗೆ ಒಂದೂವರೆ ಕೋಟಿ ದಾಟಿತ್ತು. ಭಾರತದಲ್ಲಿ 1928ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ಮುಂಬೈನಲ್ಲಿ ಘಟಕ ತೆರೆಯಿತಾದರೂ ಅಲ್ಲಿ ನಡೆದದ್ದು ಹೊರಗಿನಿಂದ ಬಂದ ಭಾಗಗಳ ಜೋಡಣೆ ಮಾತ್ರ.

ವಿಶ್ವೇಶ್ವರಯ್ಯನವರ ಲೆಕ್ಕಾಚಾರ ಸರಳವಾಗಿತ್ತು. ಒಂದು ಕಾರು ತಯಾರಾಗಬೇಕಾದರೆ ಉಕ್ಕು, ರಬ್ಬರು, ಗಾಜು, ಬಣ್ಣ, ಬ್ಯಾಟರಿ, ಬಟ್ಟೆ ಎಲ್ಲವೂ ಬೇಕು. ಹೀಗಾಗಿ ಒಂದು ಕಾರ್ಖಾನೆ ಎದ್ದರೆ ಅದರ ಬೆನ್ನಿಗೆ ಹತ್ತಾರು ಉದ್ಯಮಗಳು ಏಳುತ್ತವೆ. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಗ್ರಂಥ ಬರೆದವರು, ಮರುವರ್ಷವೇ ಯುರೋಪ್ ಮತ್ತು ಅಮೆರಿಕಗಳಿಗೆ ಹೊರಟು ಮೋಟಾರು ಕಾರ್ಖಾನೆಗಳನ್ನು ಸುತ್ತಿದರು. ಆಗ ಅವರ ವಯಸ್ಸು ಎಪ್ಪತ್ತೈದರ ಆಸುಪಾಸು. ಆ ವಯಸ್ಸಿನಲ್ಲಿ ಅವರು ಹಡಗು ಹತ್ತಿದ್ದು ಕಾಶಿ ರಾಮೇಶ್ವರಕ್ಕಲ್ಲ, ಎಂಜಿನ್ ಎರಕ ಹೊಯ್ಯುವ ಶಾಲೆಗಳನ್ನು ನೋಡಲು!

1936ರಲ್ಲಿ ಯೋಜನೆ ಸಿದ್ಧವಾಯಿತು. ಉದ್ಯಮಿ ವಾಲಚಂದ್ ಹೀರಾಚಂದ್ ಜೊತೆಯಾದರು. ಸೊಲ್ಲಾಪುರದಲ್ಲಿ ಹುಟ್ಟಿದ, ಹಡಗು ಕಂಪನಿ ಕಟ್ಟಿ ಬ್ರಿಟಿಷರೊಡನೆ ಪೈಪೋಟಿ ನಡೆಸಿದ ಧೈರ್ಯವಂತ ಅವರು. ಮುಂಬೈನಲ್ಲಿ ಬಿ.ಜಿ. ಖೇರ್ ನೇತೃತ್ವದ ಕಾಂಗ್ರೆಸ್ ಸರ್ಕಾರವೂ ಒಲವು ತೋರಿತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಆರಂಭವಾಗಿ, 1939ರ ಕೊನೆಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ನೀಡಿದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬಳಿಕ ಕಣ್ಣು ಮೈಸೂರಿನತ್ತ ಹೊರಳಿತು. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸುವ ಮಾತುಕತೆ ನಡೆಯಿತು, ಸಂಸ್ಥಾನದ ಸರ್ಕಾರವೂ ನೆರವಿಗೆ ಮುಂದಾಯಿತು. ವಾಲಚಂದ್ ಅಮೆರಿಕದ ಕ್ರೈಸ್ಲರ್ ಕಂಪನಿಯನ್ನು 1940ರಲ್ಲಿ ಒಪ್ಪಿಸಿಯೂ ಆಗಿತ್ತು. ಆದರೆ ದೆಹಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಯುದ್ಧಕಾರ್ಯಕ್ಕೆ ಕಾರು ಕಾರ್ಖಾನೆ ಅತ್ಯಗತ್ಯವಲ್ಲ ಎಂಬುದು ಅದು ಕೊಟ್ಟ ಕಾರಣ. ಸೈನ್ಯಕ್ಕೆ ಲಾರಿ, ಟ್ರಕ್ಕುಗಳು ಸಾವಿರಗಟ್ಟಲೆ ಬೇಕಾಗಿದ್ದ ಹೊತ್ತಿನಲ್ಲಿ ಹೇಳಿದ ಈ ಮಾತನ್ನು ನಂಬುವುದು ಕಷ್ಟ. ಇಂಗ್ಲೆಂಡಿನ ಮೋಟಾರು ತಯಾರಕರಿಗೆ ಭಾರತದ ಮಾರುಕಟ್ಟೆ ಕೈತಪ್ಪಬಾರದಿತ್ತು ಎಂಬುದೇ ಹೆಚ್ಚು ಸಂಭವನೀಯ ಕಾರಣ.

ಇಲ್ಲಿಯೇ ಒಂದು ವಿಚಿತ್ರ. ವಾಲಚಂದ್ 1939ರಲ್ಲಿ ಕಾರಿನ ಕೆಲಸಕ್ಕೆಂದು ಅಮೆರಿಕಕ್ಕೆ ಹೋಗಿ ಮರಳುವಾಗ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ವಿಮಾನ ಉದ್ಯಮಿಯ ಪರಿಚಯವಾಯಿತು. ಆ ಪರಿಚಯವೇ ಬೆಳೆದು 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಮೈಸೂರು ಸರ್ಕಾರ ಅದರ ಪಾಲುದಾರ. ಯುದ್ಧಕ್ಕೆ ವಿಮಾನ ಬೇಕಿದ್ದುದರಿಂದ 1941ರಲ್ಲಿ ದೆಹಲಿ ಸರ್ಕಾರವೂ ಪಾಲು ಹಾಕಿತು. ಅದೇ ವರ್ಷ ಅಲ್ಲಿ ಜೋಡಿಸಿದ ತರಬೇತಿ ವಿಮಾನ ಆಕಾಶಕ್ಕೇರಿತು. ಕಾರು ಕೇಳಿದ ಬೆಂಗಳೂರಿಗೆ ಸಿಕ್ಕಿದ್ದು ವಿಮಾನ!

ವಿಶ್ವೇಶ್ವರಯ್ಯನವರು ಅಷ್ಟಕ್ಕೇ ಬಿಡಲಿಲ್ಲ. ಎಂಬತ್ತರ ಹೊಸ್ತಿಲಲ್ಲಿ, 1941ರಲ್ಲಿ ಅಖಿಲ ಭಾರತ ಉತ್ಪಾದಕರ ಸಂಘವನ್ನು ಸ್ಥಾಪಿಸಿ ದೇಶಿ ಉದ್ಯಮಗಳ ಪರ ನಿಂತರು. ಇತ್ತ 1942ರಲ್ಲಿ ಬಿರ್ಲಾ ಅವರ ಹಿಂದೂಸ್ಥಾನ್ ಮೋಟಾರ್ಸ್, 1944ರಲ್ಲಿ ವಾಲಚಂದರ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿದವು. ಪ್ರೀಮಿಯರ್‌ನ ಕುರ್ಲಾ ಕಾರ್ಖಾನೆಯಿಂದ ವಾಹನಗಳು ಹೊರಬಂದದ್ದು 1947ರಲ್ಲಿ, ಸ್ವಾತಂತ್ರ್ಯದ ವರ್ಷವೇ. ಯೋಜನೆ ಬರೆದು ಹನ್ನೊಂದು ವರ್ಷ ಕಳೆದಿತ್ತು. 1953ರಲ್ಲಿ ವಾಲಚಂದ್ ತೀರಿಕೊಂಡರು. ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸದೆ ಬರೀ ಜೋಡಣೆ ಮಾಡುವವರಿಗೆ ಅವಕಾಶವಿಲ್ಲ ಎಂದು ಕೇಂದ್ರ ಸರ್ಕಾರ ನೀತಿ ರೂಪಿಸಿದ್ದೂ ಅದೇ ವರ್ಷ. ಜನರಲ್ ಮೋಟಾರ್ಸ್ ಮುಂಬೈ ಘಟಕವನ್ನು ಮುಚ್ಚಿತು. ವಿಶ್ವೇಶ್ವರಯ್ಯನವರು ವರ್ಷಗಟ್ಟಲೆ ವಾದಿಸಿದ್ದು ಇದನ್ನೇ ಅಲ್ಲವೇ?

1955ರಲ್ಲಿ ಅವರಿಗೆ ಭಾರತರತ್ನ ಸಂದಿತು. 1960ರ ಸೆಪ್ಟೆಂಬರ್ 15ರಂದು, ಅವರು ಜೀವಂತವಿರುವಾಗಲೇ, ಜನ್ಮಶತಮಾನೋತ್ಸವದ ಅಂಚೆಚೀಟಿ ಬಿಡುಗಡೆಯಾಯಿತು. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ನಿಧನರಾದರು. ಬೆಂಗಳೂರಿನ ಬಗಲಿನ ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಶುರುವಾದದ್ದು, ಬೆಂಗಳೂರಿನ ರೇವಾ ವಿದ್ಯುತ್ ಕಾರು ರಸ್ತೆಗಿಳಿದದ್ದು ಅವರು ಹೋಗಿ ಸುಮಾರು ನಾಲ್ಕು ದಶಕಗಳ ಮೇಲೆ.

ಬರಗಾಲದಲ್ಲಿ ಮುಂಬೈಗೆ ಗುಳೆ ಹೋದ ರಾಯಚೂರು ಸೀಮೆಯ ಜನ ಅಲ್ಲಿನ ಕಪ್ಪು-ಹಳದಿ ಟ್ಯಾಕ್ಸಿಗಳನ್ನು ಬಲ್ಲರು. ಅವುಗಳಲ್ಲಿ ಹೆಚ್ಚಿನವು ಕುರ್ಲಾದ ಆ ಕಾರ್ಖಾನೆಯಲ್ಲೇ ತಯಾರಾದ ಪ್ರೀಮಿಯರ್ ಪದ್ಮಿನಿಗಳಾಗಿದ್ದವು. ನೋಂದಣಿಯಲ್ಲಿದ್ದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ಮುಂಬೈ ರಸ್ತೆಯಿಂದ ನಿವೃತ್ತಿ ಪಡೆಯಿತು.